ಬೋರ್ತೊಲೊನ ಸೊಟ್ಟ ಕನ್ನಡಕ

ಕದೋರೆ ಕಣಿವೆಯಲ್ಲಿ ಹುಟ್ಟಿದವರಿಗೆ ಕನ್ನಡಕ ಬಿಟ್ಟರೆ ಬೇರೆ ಗತಿ ಎಲ್ಲಿತ್ತು ಹೇಳಿ? ಹೊಳೆ ದಂಡೆಯ ಒಂದೇ ಕೋಣೆಯಲ್ಲಿ, ನೀರಿನ ಚಕ್ರ ನಂಬಿಕೊಂಡು ಶುರುವಾದ ಕಾರ್ಖಾನೆ ಅರ್ಧ ಊರಿನ ಹೊಟ್ಟೆ ಹೊರೆಯಿತು. ಓರ್ಸೊಲಾ ಮದುವೆಗೆ ಮುಂಚೆಯೇ ಅಲ್ಲಿಗೆ ಸೇರಿದವಳು. ಕೂದಲು ನೆರೆಯುವ ತನಕ ಅವಳದು ಕೊನೆಯ ಮೇಜು. ಸಿದ್ಧವಾದ ಕನ್ನಡಕವನ್ನು ಗಾಜಿನ ಹಲಗೆಯ ಮೇಲೆ ಬೋರಲು ಇಟ್ಟು ಬೆರಳಿಂದ ತಟ್ಟಬೇಕು. ಅಲುಗಿತೋ, ಕಿವಿಗೆ ಸಿಕ್ಕಿಸುವ ಕಡ್ಡಿ ಬಿಸಿ ಮಾಡಿ, ಬಗ್ಗಿಸಿ, ಮತ್ತೆ ಇಡಬೇಕು. ಸಮನಾಗಿ ಕೂತ ಮೇಲಷ್ಟೇ ಪೆಟ್ಟಿಗೆಗೆ. ಈ ನೇಮ ತಪ್ಪಿದವರ ಜನ್ಮ ಜಾಲಾಡಿಬಿಡುತ್ತಿದ್ದಳು.

ಅವಳ ಗಂಡ ಬೋರ್ತೊಲೊ ಅಲ್ಲೇ ಚೌಕಟ್ಟು ಕೊರೆಯುವವನು. ಹರೆಯದಲ್ಲಿ ಹಿಮದ ಮೇಲೆ ಸೌದೆ ಎಳೆಯುವಾಗ ಬಿದ್ದು ಮೂಗು ಮುರಿದುಕೊಂಡಿದ್ದ. ಒಂದು ಕಿವಿಯೂ ತುಸು ಕೆಳಗೆ. ತನ್ನ ಕನ್ನಡಕವನ್ನು ಆ ಮುಖಕ್ಕೆ ತಕ್ಕಂತೆ ಬಗ್ಗಿಸಿಕೊಂಡಿದ್ದ. ಮೇಜಿನ ಮೇಲಿಟ್ಟರೆ ಒಂದು ಕಡ್ಡಿ ಗಾಳಿಯಲ್ಲೇ.

“ದೀಪದ ಬುಡ ಕತ್ತಲೆ ಅಂದ್ರೆ ಇದೇ ನೋಡು,” ಅಂತ ಅವಳು ಹಂಗಿಸಿದರೆ, “ಇದು ಮೇಜಿಗಲ್ಲ ಕಣೇ, ನಂಗೆ,” ಅನ್ನುತ್ತಿದ್ದ ಪುಣ್ಯಾತ್ಮ.

ಅವನು ತೀರಿಕೊಂಡು ವರ್ಷಗಳಾದವು. ಊಟಕ್ಕೆ ಕೂತಾಗ ಓರ್ಸೊಲಾ ಆ ಕನ್ನಡಕವನ್ನು ಎದುರಿಗಿಟ್ಟುಕೊಳ್ಳುತ್ತಾಳೆ. ತಟ್ಟೆ ಸರಿಸಿದರೆ ಅದು ಟಿಕ್ ಅಂತ ಅಲುಗುತ್ತದೆ. ಆ ಮನೆಯಲ್ಲಿ ಅವಳಿಗೆ ಓಗೊಡುವುದು ಅದೊಂದೇ. ಹುಚ್ಚು ಅನ್ನುವವರು ಅನ್ನಲಿ, ಒಂಟಿಯಾಗಿ ಉಂಡು ನೋಡಲಿ ಮೊದಲು.

ಕಾರ್ಖಾನೆಗೆ ನೂರು ತುಂಬುವ ಹೊತ್ತಿಗೆ ಹಿಂದೆ ಅಲ್ಲಿ ತಯಾರಾಗುತ್ತಿದ್ದ ಒಂದು ಹಳೇ ಮಾದರಿಯನ್ನು ಮತ್ತೆ ಮಾಡಬೇಕೆಂದು ಮಾಲೀಕರ ಮೊಮ್ಮಗಳು ಲಿವಿಯಾ ಹೊರಟಳು. ಹುಡುಕಿದರೆ ಎಲ್ಲೂ ಇಲ್ಲ, ಉಳಿದದ್ದು ಬೋರ್ತೊಲೊನದು ಮಾತ್ರ. ಎಷ್ಟು ಕೇಳಿದರೂ ಓರ್ಸೊಲಾ ಕೊಡಲಿಲ್ಲ. ಕಡೆಗೆ ಒಂದು ಮಾತಿಗೆ ಒಪ್ಪಿದಳು: ಅಳತೆ ತನ್ನ ಮನೆಯಲ್ಲೇ ಆಗಬೇಕು, ಕನ್ನಡಕ ಹೊಸಿಲು ದಾಟಕೂಡದು.

ಲಿವಿಯಾ ಬಂದಾಗ ಮೇಜಿನ ಪಕ್ಕದ ಒಲೆಯ ಮೇಲೆ ಪೊಲೆಂತಾ ಅನ್ನುವ ಮೆಕ್ಕೆಜೋಳದ ಮುದ್ದೆಗೆ ನೀರು ಕುದಿಯುತ್ತಿತ್ತು. ಹಿಂದಿನ ಕೆಲಸದ ಕ್ರಮ ಹೇಗಿತ್ತು ಅಂತ ಹುಡುಗಿ ವಿಚಾರಿಸಿದಳು. ಓರ್ಸೊಲಾಳ ಜತೆ ಕೂತು ಯಾರಾದರೂ ಮಾತಾಡಿ ಯಾವ ಕಾಲವಾಗಿತ್ತೋ! ಕನ್ನಡಕವನ್ನು ಕೈಯಲ್ಲಿ ಹಿಡಿದೇ ಶುರುಮಾಡಿದಳು. ಗಾಜಿನ ಹಲಗೆ, ಆ ಸದ್ದು, ಬೋರ್ತೊಲೊನ ಕುಚೋದ್ಯ, ಒಂದೇ ಎರಡೇ. ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು, ಕೈ ತನ್ನ ಪಾಡಿಗೆ ಕಡ್ಡಿಯನ್ನು ಹಬೆಗೆ ಹಿಡಿಯಿತು, ಹೆಬ್ಬೆರಳು ಒತ್ತಿತು, ಮೇಜಿನ ಮೇಲೆ ಬೋರಲು ಇಟ್ಟು ತಟ್ಟಿತು.

ಕನ್ನಡಕ ಅಲುಗಲಿಲ್ಲ.

“ಎಷ್ಟು ಸಮನಾಗಿ ಕೂತಿದೆ ನೋಡಿ ಓರ್ಸೊಲಮ್ಮ,” ಅಂದಳು ಲಿವಿಯಾ. ಅವಳಿಗೇನು ಗೊತ್ತು, ಪಾಪ.

ಓರ್ಸೊಲಾ ಮತ್ತೆ ತಟ್ಟಿದಳು. ಸದ್ದಿಲ್ಲ. ಗಡಬಡಿಸಿ ಎದ್ದು ಕಡ್ಡಿಯನ್ನು ಮತ್ತೆ ಹಬೆಗೆ ಹಿಡಿದಳು. ಬಗ್ಗಿಸಲು ಹೋದರೆ, ಎಷ್ಟು ಬಗ್ಗಿಸಬೇಕು? ಜೀವಮಾನವೆಲ್ಲಾ ನೇರ ಮಾಡಿದ ಕೈಗೆ ಆ ಸೊಟ್ಟದ ಅಳತೆಯೇ ತಿಳಿಯದು. ಅವನು ತನ್ನ ಮುಖಕ್ಕೆ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಹದಮಾಡಿದ್ದು ಅದು. ಈಗ ಹಾಕಿ ನೋಡುವುದು ಯಾರಿಗೆ? ಅವಳು ಹಾಗೇ ನಿಂತಿರುವಾಗಲೇ ಕಡ್ಡಿ ಆರಿತು.

ಲಿವಿಯಾ ಅಳತೆಪಟ್ಟಿ ತೆಗೆಯುತ್ತಿದ್ದಳು. ಓರ್ಸೊಲಾ ಕನ್ನಡಕ ಮಡಚಿ ಅವಳ ಕೈಗಿಟ್ಟಳು.

“ತಗೊಂಡೇ ಹೋಗು ಮಗಳೇ. ಇದು ಇನ್ನು ಯಾರಿಗೆ ಬೇಕಾದ್ರೂ ಆಗತ್ತೆ.”