ಸೊನ್ನೆಯನ್ನು ನಂಬದವಳು

ಆಫೀಸಿನಲ್ಲಿ ಎಲ್ಲರಿಗೂ ಅವಳು ಅಕ್ಕ, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಿಗೂ. ಹೆರಿಗೆ ರಜೆ ಮುಗಿಸಿ ಬಂದಾಗ ಸಾಹೇಬರು, "ಮಗು ಇನ್ನೂ ಚಿಕ್ಕದು, ಸುಲಭದ್ದೇ ಮಾಡಮ್ಮ" ಎಂದು ಕಂಪ್ಯೂಟರಿನ ಬಿಸಿ ನೋಡಿಕೊಳ್ಳುವ ಪ್ರೋಗ್ರಾಮನ್ನು ಅವಳಿಗೆ ವಹಿಸಿದರು. ಆಸ್ಪತ್ರೆಗಳಿಗೆ ಹೋಗುವ ಕಂಪ್ಯೂಟರುಗಳವು. ಒಳಗೆ ಎಷ್ಟು ಬಿಸಿಯೆಂದು ಸೆನ್ಸರ್ ಹೇಳುತ್ತದೆ, ಪ್ರೋಗ್ರಾಮು ಅದಕ್ಕೆ ತಕ್ಕಂತೆ ಫ್ಯಾನು ಓಡಿಸುತ್ತದೆ. ಅಷ್ಟೇ ಕೆಲಸ.

ಆದರೆ ಅಕ್ಕ ಯಾವುದೂ ಸರಿಯಾಗಿ ನಡೆಯುವುದನ್ನು ನೋಡಿ ಮೆಚ್ಚಿ ಸುಮ್ಮನಾಗುವವಳಲ್ಲ. ಏನನ್ನಾದರೂ ಕಿತ್ತು ನೋಡಲೇಬೇಕು. ಸೆನ್ಸರಿನ ತಂತಿ ಎಳೆದಳು. ಪರದೆಯ ಮೇಲೆ ಸೊನ್ನೆ ಡಿಗ್ರಿ! ಒಳಗೆ ಕಾದು ಕೆಂಡವಾಗುತ್ತಿದ್ದರೂ ಎಲ್ಲ ತಣ್ಣಗಿದೆಯೆಂದು ನಂಬಿದ ಫ್ಯಾನು ಹಾಯಾಗಿ ನಿಂತುಬಿಟ್ಟಿತು. ಸೆನ್ಸರ್ ಉತ್ತರ ಕೊಡದಿದ್ದರೆ ಸೊನ್ನೆ ಎಂದುಕೋ ಅಂತ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರು.

ಅವಳು ಅದನ್ನು ಅಳಿಸಿ, ಉತ್ತರ ಬರದಿದ್ದರೆ ಫ್ಯಾನು ಪೂರ್ತಿ ವೇಗದಲ್ಲಿ ಓಡಲಿ ಎಂದು ಬರೆದಳು. ಈಗ ಸೆನ್ಸರ್ ಒಮ್ಮೆ ಮುಗ್ಗರಿಸಿದರೂ ಫ್ಯಾನು ಭೋರ್ಗರೆಯತೊಡಗಿತು. ಸಾಹೇಬರು ಓಡಿ ಬಂದರು.

"ಏನಮ್ಮಾ, ವಿಮಾನ ಹಾರಿಸ್ತಿದೀಯಾ? ರೋಗಿಗಳೆಲ್ಲ ಎದ್ದು ಓಡ್ತಾರೆ! ಹಳೇದನ್ನೇ ಹಾಕು, ಸಂಜೆ ಮಾಲು ಹೊರಡ್ಬೇಕು."

"ಸಾರ್, ಥರ್ಮಾಮೀಟರ್ ಕೆಟ್ಟಿದ್ರೆ ಮಗೂಗೆ ಜ್ವರ ಇಲ್ಲ ಅಂತೀರಾ?"

"ನಿಂಗೆ ಎಲ್ಲದಕ್ಕೂ ಮಗೂನೇ ಸಿಗೋದು!"

"ಸಂಜೆವರೆಗೆ ಟೈಮ್ ಕೊಡಿ ಸಾರ್. ಆಗ್ಲಿಲ್ಲ ಅಂದ್ರೆ ಹಳೇದೇ ಹೋಗ್ಲಿ."

ಬಾಯಿಂದ ಮಾತು ಜಾರಿತ್ತು. ಆ ಸುಳ್ಳು ಸೊನ್ನೆ ಹಾಗೇ ಆಸ್ಪತ್ರೆಗೆ ಹೋದರೆ? ಆದರೂ ಗದ್ದಲದ ಬಗ್ಗೆ ಸಾಹೇಬರ ಮಾತಿನಲ್ಲಿ ಹುರುಳಿತ್ತು. ತೊಟ್ಟಿಲಲ್ಲಿ ಮಗು ಒಮ್ಮೆ ಕುಂಯ್ ಎಂದಾಕ್ಷಣ ಅವಳೂ ಎತ್ತಿಕೊಳ್ಳುವುದಿಲ್ಲ, ಕಿವಿಗೊಟ್ಟು ಕಾಯುತ್ತಾಳೆ. ಊಟದ ಡಬ್ಬಿ ತೆರೆಯದೆಯೇ ಕೂತು ಬರೆದಳು. ಮೊದಲ ಸಲ ಉತ್ತರ ಬರದಿದ್ದರೆ ಹಿಂದಿನ ಅಂಕಿಯನ್ನೇ ಇಟ್ಟುಕೊಂಡು ಮತ್ತೆ ಕೇಳು. ಮೂರು ಸಲವೂ ಮೌನವಾದರೆ ಪರದೆಯ ಮೇಲೆ 'ತಿಳಿಯದು' ಎಂದು ತೋರಿಸು, ಫ್ಯಾನನ್ನು ಪೂರ್ತಿ ಬಿಡು.

ಸಂಜೆ ಸಾಹೇಬರು ತಾವೇ ತಂತಿ ಅಲ್ಲಾಡಿಸಿದರು. ಫ್ಯಾನು ಭೋರ್ಗರೆಯಲಿಲ್ಲ. ಪೂರ್ತಿ ಕಿತ್ತರು. ಕ್ಷಣ ಬಿಟ್ಟು 'ತಿಳಿಯದು' ಎಂದು ಬಂತು, ಫ್ಯಾನು ಗುಡುಗಿತು. ಅವರು ತಂತಿಯನ್ನು ಮತ್ತೆ ಸಿಕ್ಕಿಸಿದರು.

"ಇದೇ ಹೋಗ್ಲಿ. ಪ್ರತಿಯೊಂದ್ರಲ್ಲೂ ಇದೇ ಇರ್ಲಿ," ಎಂದರು.

ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಅಕ್ಕ ರಾಣಿಯ ಹಾಗೆ ನಿಂತೇ ಬಂದಳು. ಬಾಗಿಲಲ್ಲೇ ಅಮ್ಮ ಮಗುವನ್ನು ಅವಳ ಕೈಗಿತ್ತು ಕೇಳಿದರು, "ಏನೇ, ಮುಖ ಇಷ್ಟು ಅರಳಿದೆ?"

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೆ ಕಂಪ್ಯೂಟರ್‌ಗೆ ಕಲಿಸ್ದೆ ಕಣಮ್ಮ."

"ಹೌದಾ? ಹಾಗೇ ನಿಮ್ಮಪ್ಪಂಗೂ ಸ್ವಲ್ಪ ಕಲಿಸು!"