ಎರಡು ದಿಂಬು ಕಾಶಿ

ಅನ್ನದಾನಮ್ಮ ಕಾಶಿಗೆ ಬಂದದ್ದು ಸಾಯುವುದಕ್ಕೆ. ಹನ್ನೆರಡು ವರ್ಷದ ಹಿಂದೆ ಊರ ಕಡೆಯ ಡಾಕ್ಟರೊಬ್ಬ ಎದೆ ಪರೀಕ್ಷೆ ಮಾಡಿ, ಹೆಚ್ಚೆಂದರೆ ಆರು ತಿಂಗಳು ಅಂದಿದ್ದ. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ರೋಣದಿಂದ ಎರಡು ಸೀರೆ, ಒಂದು ತಂಬಿಗೆ ಕಟ್ಟಿಕೊಂಡು ಬಂದು ಇಲ್ಲಿಯ ಕನ್ನಡದ ಮಠದಲ್ಲಿ ಒಂದು ಮೂಲೆ ಹಿಡಿದಳು. ಇನ್ನು ಸಾಯುವತನಕ ಕಾಶಿಯ ಮಣ್ಣು ಬಿಡುವುದಿಲ್ಲ ಎಂದು ಗಂಗೆಯ ನೀರು ಕೈಯಲ್ಲಿ ಹಿಡಿದು ಆಣೆ ಮಾಡಿದಳು. ಕಾಶಿಯಲ್ಲಿ ಸತ್ತರೆ ಮುಕ್ತಿ, ಹೊಳೆಯಾಚೆ ರಾಮನಗರದ ದಂಡೆಯಲ್ಲಿ ಸತ್ತರೆ ಮುಂದಿನ ಜನ್ಮಕ್ಕೆ ಕತ್ತೆ. ಇದನ್ನು ಇಲ್ಲಿ ಚಹಾದಂಗಡಿಯವನೂ ಹೇಳುತ್ತಾನೆ.

ಆರು ತಿಂಗಳು ಕಳೆಯಿತು. ಸಾವು ಬರಲಿಲ್ಲ, ಮಠದ ಬೇಳೆಸಾರಿನ ಮೇಲೆ ಸಿಟ್ಟು ಬಂತು. “ಇದನ್ನ ಉಂಡು ಸತ್ರ ಮುಕ್ತಿ ಹೆಂಗ ಸಿಗತೈತಿ?” ಎಂದು ಸೌಟು ಕಸಿದುಕೊಂಡವಳು ಇವತ್ತಿಗೂ ಕೆಳಗಿಟ್ಟಿಲ್ಲ. ಈಗ ಎಪ್ಪತ್ನಾಲ್ಕು. ಯಾತ್ರಿಕರು ಹೊತ್ತು ತರುವ ಜೋಳದ ಹಿಟ್ಟಿನಲ್ಲಿ, ಇದ್ದಲಿನ ಒಲೆಯ ಮುಂದೆ ಕೂತು, ದಿನಕ್ಕೆ ನೂರು ರೊಟ್ಟಿ ಬಡಿಯುತ್ತಾಳೆ. ಆರು ತಿಂಗಳು ಅಂದ ಡಾಕ್ಟರು ತೀರಿಕೊಂಡು ನಾಲ್ಕು ವರ್ಷವಾಯಿತು. ನಾನು ಆ ಮಠದಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡದ್ದು ಭಕ್ತಿಯಿಂದಲ್ಲ, ಆ ರೊಟ್ಟಿಯಿಂದ.

ಆಣೆಯನ್ನು ಅವಳು ಕರ್ಫ್ಯೂವಿನ ಹಾಗೆ ಪಾಲಿಸುತ್ತಿದ್ದಳು. ದಶಾಶ್ವಮೇಧದಲ್ಲಿ ದೋಣಿ ಹತ್ತಿದರೂ ನಡುಹೊಳೆ ಬರುವ ಮೊದಲೇ ತಿರುಗಿಸು ಎನ್ನುತ್ತಿದ್ದಳು. ರಾಮನಗರದ ಲಸ್ಸಿಯ ರುಚಿಯನ್ನು ಯಾತ್ರಿಕರು ಹೇಳುವಾಗ ಬಾಯಿ ಚಪ್ಪರಿಸಿ ಕೇಳುತ್ತಿದ್ದಳು. ಸೇತುವೆ ಮೇಲೆ ಹತ್ತಿಪ್ಪತ್ತು ನಿಮಿಷದ ಹಾದಿ, ಹೋಗಿ ಬನ್ನಿ ಎಂದರೆ, “ಲಸ್ಸಿ ಕುಡಿಯಾಕ ಹೋಗಿ ಕತ್ತಿ ಆಗಲೇನು?” ಎನ್ನುತ್ತಿದ್ದಳು.

ಇಂಥವಳ ಆಣೆಗೆ ಬೆಂಕಿ ಇಟ್ಟದ್ದು ಕೃಷ್ಣವೇಣಿಯ ಮೊಬೈಲು. ಕೃಷ್ಣವೇಣಿಯ ಗಂಡ ಚಿದಾನಂದ ಇಲ್ಲಿಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾಕ್ಟರು. ಪ್ರತಿ ಭಾನುವಾರ ಗಂಡಹೆಂಡತಿ ಮಠಕ್ಕೆ ಬಂದು ರೊಟ್ಟಿ ತಿಂದು ಹೋಗುತ್ತಾರೆ. ಒಂದು ಭಾನುವಾರ ಅವಳು ಒಂದು ವಿಡಿಯೊ ತೋರಿಸಿದಳು. ಪೂರ್ವದ ಬೆಟ್ಟಗಳಲ್ಲಿ ಸಣ್ಣ ಗೇಜಿನ ಹಳಿಯ ಮೇಲೆ ಹಬೆಯ ಇಂಜಿನ್ನೊಂದು ಮೇಕೆಮರಿಯ ಹಾಗೆ ಏರುತ್ತಿತ್ತು. ಇಪ್ಪತ್ತೈದು ವರ್ಷ ಶೆಡ್ಡಿನಲ್ಲಿ ತುಕ್ಕು ಹಿಡಿದಿದ್ದುದನ್ನು ನಿವೃತ್ತ ಕೆಲಸಗಾರರೇ ಬಿಚ್ಚಿ, ತಿಕ್ಕಿ, ಮತ್ತೆ ಓಡಿಸಿದ್ದರು.

ಅನ್ನದಾನಮ್ಮ ಅದನ್ನು ಮೂರು ಸಲ ನೋಡಿದಳು. ರೊಟ್ಟಿ ಹೊತ್ತಿತು. ಅವಳು ರೊಟ್ಟಿ ಹೊತ್ತಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವಳ ಗಂಡ ಮಿರಜ್ ಕಡೆಯ ಸಣ್ಣ ಗೇಜಿನ ರೈಲಿನಲ್ಲಿ ಫೈರ್‌ಮ್ಯಾನ್ ಆಗಿದ್ದ. ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಎಸೆಯುವ ಕೆಲಸ. ದಿನಾ ಸಂಜೆ ಮಸಿ ಮುಖದಲ್ಲಿ ಮನೆಗೆ ಬಂದು, ನಿಂದೂ ಒಂದು ಒಲಿ ಏನಬೇ, ಒಲಿ ಅಂದ್ರ ನಂದು ಎಂದು ಜಂಬ ಕೊಚ್ಚುತ್ತಿದ್ದ. ಹೆಂಗಸರು ಇಂಜಿನ್ ಹತ್ತಬಾರದು ಎಂದು ಒಮ್ಮೆಯೂ ತೋರಿಸಲಿಲ್ಲ. ಸಾಲದ್ದಕ್ಕೆ ಮಳೆಗಾಲದಲ್ಲಿ ಒದ್ದೆ ಮರಳು ಹೊತ್ತು ತಂದು, ಅವಳ ರೊಟ್ಟಿ ಹೆಂಚಿನ ಮೇಲೆ ಸುರಿದು ಹುರಿಯುತ್ತಿದ್ದ. ಹಳಿ ನೆನೆದು ಗಾಲಿ ಜಾರಿದರೆ ಹಳಿಗೆ ಒಣ ಮರಳು ಉದುರಿಸಬೇಕು, ಒದ್ದೆಯಾದರೆ ನಡೆಯುವುದಿಲ್ಲ. “ಮಳಿಗಾಲದ ರೊಟ್ಟಿಯೊಳಗ ಮರಳು ಅಗದು ಅಗದು ನನ್ನ ಹಲ್ಲು ಹೋದುವು,” ಎಂದು ಅವಳು ಬಾಯಿ ತೆರೆದು ತೋರಿಸಿದಳು. “ಆ ಒಲಿ ಒಮ್ಮಿ ನೋಡಬೇಕು ನೋಡವಾ. ಏನೈತೋ ಏನೋ ಅದರಾಗ.”

ನಾವು ಹೋಗ್ತಿದ್ದೀವಿ, ನೀವೂ ಬನ್ನಿ ಎಂದು ಕೃಷ್ಣವೇಣಿ ಅಂದಳು. ಆಮೇಲೆ ಎಲ್ಲರಿಗೂ ಆಣೆ ನೆನಪಾಯಿತು. ದಾರಿಯಲ್ಲಿ ಹೆಚ್ಚುಕಡಿಮೆಯಾದರೆ ಹನ್ನೆರಡು ವರ್ಷ ಕಾದದ್ದು ಗಂಗೆಯ ಪಾಲು.

ದಾರಿ ತೋರಿಸಿದವನು ಮಠದ ಮ್ಯಾನೇಜರ್ ಸಂಗಯ್ಯ. ಪಂಚಾಂಗವನ್ನೂ ರೈಲ್ವೆ ಟೈಮ್‌ಟೇಬಲ್ಲನ್ನೂ ಒಂದೇ ಭಕ್ತಿಯಿಂದ ಓದುವ ಮನುಷ್ಯ. “ಆಣಿಯೊಳಗ ಏನಂದೀರಿ ಯವ್ವಾ? ಕಾಶಿ ಮಣ್ಣು ಬಿಡೂದಿಲ್ಲ ಅಂದೀರಿ. ಬಿಡಬ್ಯಾಡ್ರಿ. ಜೊತಿಗೆ ಒಯ್ಯಿರಿ. ಅದರ ಮ್ಯಾಲೆ ಕುಂಡ್ರಿ, ಅದರ ಮ್ಯಾಲೆ ಮಲಗ್ರಿ. ಜೀವ ಹೋದ್ರೂ ಕಾಶಿಯೊಳಗ ಹೋದಂಗs.”

ನನ್ನ ಚಳವಳಿಯ ಕೇಸುಗಳಲ್ಲಿ ಇಷ್ಟು ಬೇಗ ಜಾಮೀನು ಕೊಡಿಸಿದ ವಕೀಲನನ್ನು ನಾನು ಕಂಡಿಲ್ಲ. ಆದರೂ ಸುಮ್ಮನಿರಲಾರದೆ, ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಕೈಲಾಸ ಅಂಗೈಯಲ್ಲೇ ಇರುವಾಗ ಈ ಮಣ್ಣೇಕೆ ಎಂದು ಕೇಳಿದೆ. ಅವಳು ಹಿಟ್ಟು ನಾದುತ್ತಲೇ ಹೇಳಿದಳು: “ಅಂಗೈಯಾಗ ಕೈಲಾಸ ಇರಲಿ, ಕುಂಡಿ ಕೆಳಗ ಕಾಶಿನೂ ಇರಲಿ. ನಿನಗೇನು ಭಾರ ತಮ್ಮಾ?”

ಮಳೆಗಾಲ ಆಗಷ್ಟೇ ಮುಗಿದಿತ್ತು. ಸಂಗಯ್ಯ ಮಠದ ಪರಿಚಯದ ದೋಣಿಯವನನ್ನು ಕರೆದು, ಗಂಗಾತೀರದಿಂದ ಎರಡು ಸಣ್ಣ ಚೀಲ ಮಣ್ಣು ಬೇಕು, ದಿಂಬಿಗೆ ತುಂಬುವುದು, ಒಣಗಿರಬೇಕು, ನಾರಬಾರದು ಎಂದು ಹಿಂದಿಯಲ್ಲಿ ಮೂರು ಸಲ ಹೇಳಿದ. ಮರುದಿನ ಚೀಲ ಬಂದವು. ಕೃಷ್ಣವೇಣಿ ಹಳೆಯ ಜಮಖಾನ ಕತ್ತರಿಸಿ ಎರಡು ದಿಂಬು ಹೊಲಿದಳು. ಒಂದೊಂದೂ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಕೂರುವಾಗ ಒಂದು ಕೆಳಗೆ, ಒಂದು ಪಾದದಡಿ. ಮಲಗುವಾಗ ತಲೆಗೊಂದು, ಕಾಲಿಗೊಂದು.

ನಾನೂ ಸೇರಿ ನಾಲ್ವರು ಹೊರಟೆವು. ದೊಡ್ಡ ರೈಲಿನಲ್ಲಿ ಅವಳು ಶೌಚಕ್ಕೆ ಹೋಗುವಾಗಲೂ ಒಂದು ದಿಂಬು ಚಿದಾನಂದನ ಹೆಗಲ ಮೇಲೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಹತ್ತು ಜನ ಎದ್ದು ನಿಲ್ಲುವ ಡಾಕ್ಟರು, ಇಲ್ಲಿ ಸಂಡಾಸಿನ ಬಾಗಿಲಲ್ಲಿ ದಿಂಬು ಹೊತ್ತು ನಿಂತಿದ್ದ. ಅದರೊಳಗೆ ಏನಿದೆ ಎಂದು ಒಬ್ಬ ಪಟ್ನಾದವನು ಕೇಳಿದ. ಬನಾರಸ್ ಎಂದಳು ಅನ್ನದಾನಮ್ಮ. ಅವನು ಸೀಟು ಬದಲಿಸಿಕೊಂಡ.

ಬೆಟ್ಟದ ಬುಡದಲ್ಲಿ ಸಣ್ಣ ರೈಲು ನಿಂತಿತ್ತು. ನೀಲಿ ಬಣ್ಣದ ಇಂಜಿನ್ನು, ಹಿಂದೆ ಎರಡು ಡಬ್ಬಿ. ಇಂಜಿನ್ನಿನ ಮೂತಿಯ ಮೇಲೆ ಇಬ್ಬರು ಗಂಡಸರು ಮರಳಿನ ಡಬ್ಬ ಇಟ್ಟುಕೊಂಡು ಕೂತಿದ್ದರು. ಅನ್ನದಾನಮ್ಮ ಕಿಟಕಿ ಹಿಡಿದು ಕೂತಳು. ಹಳಿ ಊರಿನ ನಡುವೆಯೇ ನುಗ್ಗುತ್ತಿತ್ತು. ಕೈ ಚಾಚಿದರೆ ಯಾರದೋ ಒಲೆಯ ಮೇಲಿನ ಪಾತ್ರೆ ಎತ್ತಬಹುದು, ಎರಡು ಮನೆಯಲ್ಲಿ ಅವಳು ಬಗ್ಗಿ ಪಲ್ಯ ನೋಡಿದಳು ಕೂಡ. ಊರು ಮುಗಿದ ಮೇಲೆ ಚಹಾ ತೋಟ, ಆಮೇಲೆ ಕಾಡು. ರೈಲು ತನ್ನ ಬಾಲವನ್ನು ತಾನೇ ನೋಡಿಕೊಳ್ಳುವ ಹಾಗೆ ಸುತ್ತು ಹಾಕಿ ಏರಿತು. ಒಂದು ಮಗ್ಗುಲಲ್ಲಿ ಬಂಡೆ, ಇನ್ನೊಂದು ಮಗ್ಗುಲಲ್ಲಿ ಏನೂ ಇಲ್ಲ, ಕೆಳಗೆ ಎಲ್ಲೋ ನದಿಯೊಂದು ಬಿದ್ದ ದಾರದ ಹಾಗೆ ಕಾಣುತ್ತಿತ್ತು. ಮೋಡ ಒಂದು ಕಿಟಕಿಯಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಯಿತು. ಇದ್ದಲ ಕಿಡಿ ನನ್ನ ಕಣ್ಣಿಗೆ ಬಿತ್ತು. ಕೃಷ್ಣವೇಣಿ ಹಿಮದ ಶಿಖರ ಎಂದು ಕೈ ತೋರಿಸಿದಳು. ಅನ್ನದಾನಮ್ಮ ನೋಡುತ್ತಿದ್ದುದು ಹೊಗೆಯನ್ನು. ಕಪ್ಪಗೈತಿ, ಒಮ್ಮೆಲೇ ಭಾಳ ತುರುಕ್ಯಾನ ಎಂದು ಗೊಣಗುತ್ತಿದ್ದಳು.

ಮೂರನೇ ಸುತ್ತಿನ ಮೇಲೆ, ಕಡಿದಾದ ಏರಿನಲ್ಲಿ ಗಾಲಿಗಳು ಇದ್ದಲ್ಲೇ ಗಿರಗಿರ ತಿರುಗಿದವು. ರೈಲು ಒಂದು ಸಲ ಕೊಸರಿ ನಿಂತಿತು. ಡ್ರೈವರ್ ಮೂರು ಸಲ ಪ್ರಯತ್ನಿಸಿದ. ಬೈದ. ಬಯ್ಗುಳಕ್ಕೂ ಗಾಲಿ ಹಿಡಿಯಲಿಲ್ಲ. ಬೆಳಗಿನಿಂದ ಮಂಜು ಸುರಿದು ಹಳಿ ನೆನೆದಿತ್ತು, ಡಬ್ಬದ ಮರಳೂ ನೆನೆದು ಉಂಡೆಯಾಗಿತ್ತು. ಚಳವಳಿಗಳಲ್ಲಿ ರೈಲು ನಿಲ್ಲಿಸಿ ಅಭ್ಯಾಸವಿದ್ದ ನನಗೆ ನಿಂತ ರೈಲನ್ನು ಹೊರಡಿಸುವ ವಿದ್ಯೆ ಗೊತ್ತಿರಲಿಲ್ಲ. ಗಾರ್ಡ್ ಬಂದು, ಅರ್ಧ ತಾಸು ನೋಡುತ್ತೇವೆ, ಆಗದಿದ್ದರೆ ಹಿಂದಕ್ಕೆ ಇಳಿಸಿಬಿಡುತ್ತೇವೆ ಎಂದ.

ಒಣ ಮರಳು ಬೇಕು ಎಂಬುದು ಅನ್ನದಾನಮ್ಮನಿಗೆ ಗಾರ್ಡಿಗಿಂತ ಚೆನ್ನಾಗಿ ಗೊತ್ತಿತ್ತು. ಅದರ ಮೇಲೆಯೇ ಅವಳು ಕೂತಿದ್ದಳು. ಎರಡು ದಿನದಿಂದ ಕೂತು ಮಲಗಿ, ದಿಂಬಿನೊಳಗೆ ಇರುವುದು ಹಿಟ್ಟಿನಂಥ ಮಣ್ಣಲ್ಲ, ರವೆಯಂಥ ಮರಳು ಎಂದು ಕುಂಡಿಗೆ ತಿಳಿದುಹೋಗಿತ್ತು.

ಪಾದದಡಿಯ ದಿಂಬನ್ನು ಕಾಲಿನಿಂದ ಚಿದಾನಂದನ ಕಡೆಗೆ ತಳ್ಳಿದಳು. “ಇದನ್ನ ಕೊಡು. ಅರ್ಧ ಕಾಶಿ ಸಾಕು ನನಗ.” ತಾನು ಎರಡೂ ಕಾಲು ಸೀಟಿನ ಮೇಲೆ ಮಡಚಿಕೊಂಡಳು.

ಮರಳಿನವರು ದಿಂಬಿನ ಹೊಲಿಗೆ ಬಿಚ್ಚಿ, ಬೆರಳಲ್ಲಿ ಉಜ್ಜಿ ನೋಡಿ, ಏ ಒನ್ ಮಾಲು ಎಂದರು. ಹಳಿಗೆ ಉದುರಿಸುತ್ತ ಹೋದರು. ಗಾಲಿ ಕಚ್ಚಿಕೊಂಡಿತು. ರೈಲು ಮುಕ್ಕುತ್ತ, ಉಗುಳುತ್ತ ಅರ್ಧ ಏರು ಏರಿ, ಮತ್ತೆ ನಿಂತಿತು. ಒಂದು ದಿಂಬು ಅಷ್ಟಕ್ಕೇ ಮುಗಿದಿತ್ತು.

ಈಗ ಡಬ್ಬಿಯ ಜನರೆಲ್ಲ ಅವಳ ಕಡೆ ನೋಡಿದರು. ಇನ್ನೊಂದು ದಿಂಬು ಇದೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ಅದರೊಳಗೆ ಏನಿದೆ ಎಂದು ಗೊತ್ತಿದ್ದದ್ದು ನಮಗಷ್ಟೇ. ಬೇಡ ಅಜ್ಜಿ, ವಾಪಸ್ ಹೋದರೂ ಪರವಾಗಿಲ್ಲ ಎಂದು ಕೃಷ್ಣವೇಣಿ ಅಂದಳು.

“ನಾಡಿ ಹೆಂಗೈತಿ ನೋಡಪಾ,” ಎಂದು ಅನ್ನದಾನಮ್ಮ ಚಿದಾನಂದನಿಗೆ ಕೈ ಚಾಚಿದಳು.

ಚೆನ್ನಾಗಿದೆ ಎಂದ ಅವನು.

“ನಾಡದ ಕಾಶಿ ಮುಟ್ಟೂ ತನಕ ನಡೀತೈತೇನು?”

“ನನ್ನದಕ್ಕಿಂತ ಚೆನ್ನಾಗಿ ನಡೀತದೆ.”

“ಹಂಗಾದ್ರ ಒಯ್ಯಿ.” ಎದ್ದು ನಿಂತಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳ ಕಾಲ ಕೆಳಗೆ ಕಾಶಿ ಇರಲಿಲ್ಲ. ಇದನ್ನು ನೋಡಿ ಬೆಟ್ಟವೇನೂ ಬಾಯಿ ತೆರೆಯಲಿಲ್ಲ. ರೈಲು ಏರು ದಾಟಿತು.

ತುದಿಯ ಸ್ಟೇಷನ್ನಿನಲ್ಲಿ ಡ್ರೈವರೇ ಕೈಹಿಡಿದು ಅವಳನ್ನು ಇಂಜಿನ್ನಿಗೆ ಹತ್ತಿಸಿಕೊಂಡ. ಫೈರ್‌ಮ್ಯಾನ್ ಒಲೆಯ ಬಾಗಿಲು ತೆರೆದ. ಅವಳು ಸೆರಗು ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದಳು. ಬೂದಿ ತೆಗೆಯದೆ ಇದ್ದಲು ಹಾಕಬಾರದು ಎಂದು ತನ್ನ ಕಾಶಿ ಹಿಂದಿಯಲ್ಲಿ ಅವನಿಗೆ ಹೇಳಿದಳು. ನಮ್ಮ ಉಸ್ತಾದರೂ ಇದನ್ನೇ ಬೈಯುತ್ತಿದ್ದರು ಎಂದು ಅವನು ತಲೆ ಕೆರೆದುಕೊಂಡ. ಕೆಳಗೆ ಇಳಿದ ಮೇಲೆ ನಾನು ಹೇಗಿತ್ತು ಎಂದು ಕೇಳಿದೆ.

“ದೊಡ್ಡ ಒಲಿ ಐತಿ. ಗಂಡಸು ಸುಳ್ಳು ಹೇಳಿದ್ದಿಲ್ಲ,” ಎಂದಳು. “ಆದ್ರ ಅದರಾಗ ಒಂದು ರೊಟ್ಟಿ ಬೇಯೂದಿಲ್ಲ.”

ವಾಪಸ್ ಬರುವ ದಾರಿಯುದ್ದಕ್ಕೂ ಅವಳು ಮಲಗಲಿಲ್ಲ, ಹೆಚ್ಚು ತಿನ್ನಲಿಲ್ಲ, ಸೀನು ಬಂದರೂ ಮೂಗು ಹಿಡಿದುಕೊಂಡಳು. ಪ್ರತಿ ಸ್ಟೇಷನ್ನಿಗೂ ಚಿದಾನಂದ ನಾಡಿ ನೋಡಬೇಕು. ಗಂಗೆಯ ಸೇತುವೆಯ ಮುಂಚೆ ರೈಲು ಆಚೆ ದಂಡೆಯಲ್ಲಿ ಒಂದು ತಾಸು ನಿಂತಿತು. ಆ ಒಂದು ತಾಸು ಅವಳು ಉಸಿರನ್ನೂ ಅಳೆದು ಬಿಟ್ಟಳು. ಸೇತುವೆ ದಾಟಿದ ಮೇಲೆಯೇ ಅವನ ಕೈ ಬಿಟ್ಟದ್ದು. ಬೆರಳು ಕೆಂಪಾಗಿದ್ದವು.

ಮರುದಿನ ಅಡುಗೆಮನೆಯ ಬಾಗಿಲಿಗೆ ಸಂಗಯ್ಯ ದೋಣಿಯವನನ್ನು ಕರೆತಂದ. ದಿಂಬು ಖರ್ಚಾದ ಸುದ್ದಿ ಕೇಳಿ, ಇನ್ನೆರಡು ಚೀಲ ತರಿಸಿ ಯಾವುದಕ್ಕೂ ಇರಲಿ ಎಂದು ಇಡುವ ಆಲೋಚನೆ ಅವನದು. ಮೊದಲಿನದೇ ಮಣ್ಣು, ಅದೇ ಜಾಗದ್ದು ತಾ ಎಂದ. ದೋಣಿಯವನು, ಅದಕ್ಕೇನು, ಈಗಲೇ ಆಚೆ ಹೋಗಿ ತರುತ್ತೇನೆ ಎಂದ.

ಆಚೆ ಎಂದರೆ ಎಲ್ಲಿ ಎಂದು ಸಂಗಯ್ಯ ಕೇಳಿದ.

ಹೊಳೆಯಾಚೆ, ರಾಮನಗರದ ಕಡೆಯ ಮರಳುದಿಣ್ಣೆಯಲ್ಲಿ. ಪ್ರವಾಹ ಇಳಿದ ಮೇಲೆ ನಮ್ಮ ಘಾಟುಗಳಲ್ಲಿ ಬರೀ ನಾರುವ ಕೆಸರು. ಒಣಗಿರಬೇಕು, ನಾರಬಾರದು ಎಂದು ನೀವೇ ಮೂರು ಸಲ ಹೇಳಿದಿರಲ್ಲ ಎಂದ ಅವನು.

ಸಂಗಯ್ಯ ಹೊಸ್ತಿಲ ಮೇಲೆಯೇ ಕೂತ. ಅನ್ನದಾನಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ಬಡಿದು, ಹೆಂಚಿಗೆ ಹಾಕಿ, ನೀರು ಸವರಿ, ಆಮೇಲೆ ಮಾತಾಡಿದಳು.

“ಅಂದ್ರ ಹೋಗೂವಾಗ ಎರಡು ದಿನ ನಾ ಕತ್ತಿ ಮ್ಯಾಲೆ ಕುಂತಿದ್ದೆ ಅನ್ನಿ.”

“ತಪ್ಪಾತ್ರಿ ಯವ್ವಾ.”

“ಏನ್ ತಪ್ಪು ಅಯ್ಯಾರ? ಖರೇ ಕಾಶಿ ಮಣ್ಣು ತಂದಿದ್ರ ಹಳಿ ಮ್ಯಾಲೆ ರಾಡಿ ಆಗಿ ರೈಲು ಇನ್ನೂ ಅಲ್ಲೇ ಇರತಿತ್ತು.” ರೊಟ್ಟಿ ಮಗುಚಿದಳು. “ಆಣಿ ಊರು ಬಿಟ್ಟಾಗs ಮುರದೈತಿ. ನಾನೂ ಸತ್ತಿಲ್ಲ. ಇನ್ನ ಲಸ್ಸಿಗೆ ಏನಡ್ಡಿ?”

ಆ ಮಧ್ಯಾಹ್ನವೇ ಹೋದೆವು. ತಪ್ಪು ತನ್ನದೇ ಎಂದು ಸಂಗಯ್ಯನೂ ಇ-ರಿಕ್ಷಾ ಹತ್ತಿದ. ರಾಮನಗರದ ಅಂಗಡಿಯ ಮುಂದೆ ಅನ್ನದಾನಮ್ಮ ಮಣ್ಣಿನ ಕುಲ್ಹಡ್ ಹಿಡಿದು ನಿಂತು ಒಂದು ಲಸ್ಸಿ ಕುಡಿದಳು. ಇನ್ನೊಂದು ಹೇಳಿದಳು. ಬೀದಿಯಲ್ಲಿ ಇಟ್ಟಿಗೆ ಹೊತ್ತ ಕತ್ತೆಯೊಂದು ಹೋಯಿತು. ಅದನ್ನು ತಲೆಯಿಂದ ಬಾಲದವರೆಗೆ ನೋಡಿ, ಹಲ್ಲು ಪೂರಾ ಅದಾವ ಎಂದಳು.

ಸಂಗಯ್ಯನಿಗೂ ಒಂದು ಕುಲ್ಹಡ್ ಒಯ್ದು ಕೊಟ್ಟೆ. ಅವನು ರಿಕ್ಷಾದಿಂದ ಇಳಿದಿರಲಿಲ್ಲ. ಎರಡೂ ಕಾಲು ಸೀಟಿನ ಮೇಲೆ ಎತ್ತಿಟ್ಟುಕೊಂಡು, ಮೂರು ಗುಟುಕಿಗೆ ಕುಡಿದು, ಬೇಗ ಹೋಗೋಣ ಎಂದ.