ರಾಮಚಂದ್ರಪ್ಪನವರ ಆಕಾಶಯುದ್ಧ

ಸುಗಟೂರಿನ ರಾಮಚಂದ್ರಪ್ಪನವರಿಗೆ ಕಣ್ಣಿನ ಡಾಕ್ಟರೆಂದರೆ ಆಗದು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ, ಆಗಾಗ ಬಂದು ತೋರಿಸಿ ಎಂದು ಕೋಲಾರದ ಡಾಕ್ಟರು ಹೇಳಿ ವರ್ಷವಾಗುತ್ತ ಬಂತು. ಇವರು ಆ ಕಡೆ ತಲೆ ಹಾಕಿಲ್ಲ. ಕಣ್ಣಿನ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ, ಅದೂ ಕಂಪ್ಯೂಟರಿನಲ್ಲಿ ಯುದ್ಧ ಮಾಡಿ!

ಹಿಂದೆ ಕೋಲಾರದ ಆಫೀಸೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದಾಗ ಕಲಿತ ಆಟ ಅದು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಚುಕ್ಕಿಯೆಂದರೆ ನಕ್ಷತ್ರ, ಇಂಗ್ಲಿಷಿನ ‘ಇ’ ಎಂದರೆ ವೈರಿಯ ಹಡಗು, ‘ಬಿ’ ಎಂದರೆ ನಮ್ಮ ನೆಲೆ. ದಿಕ್ಕು ಟೈಪ್ ಮಾಡಿ ಕ್ಷಿಪಣಿ ಬಿಡಬೇಕು. ಮೊಮ್ಮಗಳು ಅರ್ಪಿತ ಒಮ್ಮೆ ಇಣುಕಿ, “ಇದೇನ್ ತಾತ, ಕರೆಂಟ್ ಬಿಲ್ ಇದ್ದಂಗಿದೆ” ಎಂದು ನಕ್ಕು ಹೋಗಿದ್ದಳು. ನಗಲಿ ಬಿಡಿ. ವೈರಿ ಯಾರು, ನಮ್ಮವರು ಯಾರು ಎಂದು ಗೊತ್ತಾಗುವವರೆಗೆ ತಮ್ಮ ಕಣ್ಣಿಗೇನೂ ಆಗಿಲ್ಲ ಎಂಬುದು ರಾಮಚಂದ್ರಪ್ಪನವರ ಹಟ.

ಹಟಕ್ಕೆ ಕಾರಣ ರೇಷ್ಮೆಗೂಡು. ಕಲೆಯಾದದ್ದು, ಮೆತ್ತಗಿರುವುದು ಬೆರೆತ ಗೂಡು ಅವರ ಮನೆಯಿಂದ ಎಂದೂ ಮಾರುಕಟ್ಟೆಗೆ ಹೋಗಿಲ್ಲ. ಒಂದೊಂದನ್ನೂ ಅವರೇ ನೋಡಿ ಆರಿಸುತ್ತಾರೆ. ಆ ಕೆಲಸವೂ ಕೈ ಬಿಟ್ಟು, ಮೂಲೆಯಲ್ಲಿ ಕೂತು ಹಾಕಿದ್ದನ್ನು ಉಣ್ಣಬೇಕಲ್ಲ ಎಂದು ನೆನೆದರೇ ಅವರಿಗೆ ಹೆದರಿಕೆ.

ಮೊನ್ನೆ ಗೂಡು ಆರಿಸುವುದು ಮುಗಿಸಿ, ಸಂಜೆ ಕೈ ತೊಳೆದು ಆಟಕ್ಕೆ ಕೂತರು. ಹಿಂದೆ ಹೆಂಡತಿ ಶಾಮಲಮ್ಮ ಮೊರದಲ್ಲಿ ಕೈಯಾಡಿಸುತ್ತಿದ್ದರು. ಅಕ್ಕಿ ಆರಿಸುತ್ತಿರಬೇಕು ಎಂದುಕೊಂಡರು.

ಪರದೆಯ ಮೂಲೆಯಲ್ಲಿ ವೈರಿ ಸಿಕ್ಕ. ಕ್ಷಿಪಣಿ ಬಿಟ್ಟರು.

“ಹೊಡೆದೆ ನೋಡೇ!”

ಕಂಪ್ಯೂಟರು ಕೀಂ ಎಂದಿತು. ವೈರಿ ತಿರುಗಿ ಹೊಡೆದಾಗ ಬರುವ ಸದ್ದು ಅದು. ಸತ್ತವನು ಹೊಡೆಯುವುದು ಹೇಗೆ? ಪರದೆಗೆ ಮೂಗು ತಗುಲಿಸಿ ಓದಿದರು. ನಿಮ್ಮ ನೆಲೆಯನ್ನು ನೀವೇ ನಾಶ ಮಾಡಿದ್ದೀರಿ ಎಂದಿತ್ತು. ವೈರಿ ಪಕ್ಕದಲ್ಲೇ ಆರಾಮವಾಗಿದ್ದ.

ದುಃಖವಾದರೆ ಅವರ ಬಾಯಿಗೆ ತೆಲುಗೇ ಬರುವುದು. “ಪೋಯಿಂದಿ,” ಎಂದರು. ಹೋಯಿತು.

“ಏನ್ರೀ ಹೋಯ್ತು? ಆಟ ತಾನೇ, ಇನ್ನೊಂದ್ ಕಿತ ಆಡಿ,” ಎಂದರು ಶಾಮಲಮ್ಮ.

ಆಗ ರಾಮಚಂದ್ರಪ್ಪನವರಿಗೆ ಹಗಲು ಆರಿಸಿದ ಗೂಡು ನೆನಪಾಯಿತು. ಎದ್ದು ಬಂದು ಮೊರಕ್ಕೆ ಕೈ ಹಾಕಿದರು. ಅಕ್ಕಿಯಲ್ಲ, ಗೂಡು. ಒಳ್ಳೆಯದೆಂದು ತಾವೇ ಬುಟ್ಟಿಗೆ ಹಾಕಿದ್ದರಲ್ಲಿ ಹೆಂಡತಿ ಕೆಟ್ಟದ್ದೆಂದು ಹೆಕ್ಕಿ ತೆಗೆದ ಗೂಡು. ಮೊರದ ತುಂಬ ಇತ್ತು.

“ಯಾವಾಗಿಂದ್ಲೇ ಇದು?”

“ಹೋದ ಬೆಳೆಯಿಂದ.” ಶಾಮಲಮ್ಮ ತಲೆ ಎತ್ತಲಿಲ್ಲ. “ನಿಮಗೆ ಹೇಳಕ್ಕೆ ಬಾಯೇ ಬರ್ಲಿಲ್ಲ ಕಣ್ರೀ.”

ರಾಮಚಂದ್ರಪ್ಪ ರೇಗಲಿಲ್ಲ. ಹೆಂಡತಿಯ ಪಕ್ಕದಲ್ಲೇ ನೆಲಕ್ಕೆ ಕೂತು, ಬುಟ್ಟಿಯಿಂದ ಒಂದೊಂದೇ ಗೂಡು ತೆಗೆದು, ಕಣ್ಣು ಮುಚ್ಚಿ ಬೆರಳಲ್ಲಿ ಒತ್ತಿ ನೋಡತೊಡಗಿದರು. ಮೆತ್ತಗಿರುವುದು ತಿಳಿಯುತ್ತಿತ್ತು. ಕಲೆ ತಿಳಿಯುತ್ತಿರಲಿಲ್ಲ.